ಕೈಗೆ ತಿಳಿಯುವ ಚೇಷ್ಟೆ

ಸೊಸೆ ತಾನು ಬರೆದದ್ದನ್ನು ನನಗೆ ಓದಿ ಹೇಳುವಾಗ ನಾನು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಜೋಳದ ರೊಟ್ಟಿ ಮಾಡುವ ಬಗೆಯನ್ನು ಬರೆದಿದ್ದಳು. ಬೇಕಾಗುವ ಸಾಮಗ್ರಿಗಳು, ಮಾಡುವ ವಿಧಾನ, ಮೊದಲಿಗೆ ಒಂದು ಪಾತ್ರೆಯಲ್ಲಿ ನೀರನ್ನು ಕಾಯಲು ಇಡಬೇಕು, ತದನಂತರ ಹಿಟ್ಟನ್ನು ಸೇರಿಸಬೇಕು. ಒಂದು ಮಾತೂ ತಪ್ಪಿರಲಿಲ್ಲ. ಆದರೂ ತಹಶೀಲ ಕಚೇರಿಯ ಗೋಡೆಗೆ ಅಂಟಿಸಿದ ಪ್ರಕಟಣೆಯನ್ನು ಯಾರೋ ಗಟ್ಟಿಯಾಗಿ ಓದಿದ ಹಾಗಿತ್ತು. ಹಾಗೆಂದು ಅವಳಿಗೆ ಹೇಳಿಯೂ ಬಿಟ್ಟೆ. ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದಳು.

ನನಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ, ಬಸ್ಸಿನ ಬೋರ್ಡಿನಷ್ಟು. ಈ ಬರಹ ನಾನು ಹೇಳಿದ್ದು, ಸೊಸೆ ಬರೆದದ್ದು. ಅವಳು ನಯ ಮಾಡಲು ಹೋದಲ್ಲೆಲ್ಲ ತಡೆದಿದ್ದೇನೆ.

ಅವಳ ಮುಖ ಸಣ್ಣದಾಗಲು ನಾನೊಬ್ಬಳೇ ಕಾರಣವಾಗಿರಲಿಲ್ಲ. ಅವಳು ಫೋನಿನಲ್ಲಿ ಅಡುಗೆ ಬ್ಲಾಗು ಬರೆಯುತ್ತಿದ್ದಳು. ಬ್ಲಾಗೆಂದರೆ ಬಾಗಿಲಿಲ್ಲದ ಮನೆ, ಯಾರು ಬೇಕಾದರೂ ಬಂದು ಓದಿ ಹೋಗಬಹುದು, ಅಭಿಪ್ರಾಯವನ್ನೂ ಬರೆದು ಹೋಗಬಹುದು ಎಂದು ನನಗೆ ತಿಳಿಸಿ ಹೇಳಿದ್ದಳು. ಕಲಬುರಗಿಯ ಒಂದು ಅಂತರ್ಜಾಲ ಪತ್ರಿಕೆಯವರು ಅದನ್ನು ನೋಡಿ, ತಮ್ಮ ಅಡುಗೆ ಪುಟವನ್ನು ಎಳ್ಳಮಾಸಿ ಹಬ್ಬದ ತನಕ ಇವಳ ಕೈಗೆ ಕೊಟ್ಟಿದ್ದರು. ಓದುವವರು ಬಂದರೆ ಪುಟ ಇವಳದೇ, ಬರದಿದ್ದರೆ ಬೇರೆಯವರಿಗೆ. ಹಿಂದಿನ ದಿನ ಪುಟ ನೋಡಿಕೊಳ್ಳುವ ಹೆಣ್ಣುಮಗಳು, ನಮ್ಮ ಕಡೆ ಮರ್ಯಾದೆಗೆ ಬಾಯಿಯವರು ಎನ್ನುತ್ತೇವೆ, ಫೋನ್ ಮಾಡಿ, ಜನ ಬರುತ್ತಾರೆ, ಫೋಟೊ ನೋಡುತ್ತಾರೆ, ಎರಡು ಸಾಲು ಓದಿ ಹೋಗಿಬಿಡುತ್ತಾರೆ ಎಂದಿದ್ದರು.

ಸೊಸೆಯ ತವರು ತೆಂಗಳಿ. ಕಲಬುರಗಿಯಲ್ಲಿ ಓದಿದವಳು. ಮದುವೆಯಾಗಿ ಸೇಡಂಗೆ ಬಂದ ಮೇಲೆ ಎಲ್ಲೆಲ್ಲಿಗೋ ಅರ್ಜಿ ಹಾಕಿದಳು, ಒಂದೂ ಕೈಗೂಡಲಿಲ್ಲ. ಅವಳ ಹೆಸರಿನಲ್ಲಿ ಬಂದ ಮೊದಲ ಕೆಲಸ ಇದು. ಅವರಪ್ಪ ತೆಂಗಳಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಫೋನು ತೆರೆದು ಮಗಳ ಹೆಸರು ತೋರಿಸುತ್ತಿದ್ದರು. ಪುಟ ಹೋದರೆ ಅದನ್ನೂ ಅವರು ಕಂಡವರಿಗೆಲ್ಲ ಹೇಳಬೇಕಾಗುತ್ತಿತ್ತು. ಅವಳು ಬಾಯಿ ಬಿಟ್ಟು ಹೇಳದಿದ್ದರೂ ಅವಳ ತಟ್ಟೆಯಲ್ಲಿ ಉಳಿಯುತ್ತಿದ್ದ ಅನ್ನ ನೋಡಿ ನನಗೆ ತಿಳಿಯುತ್ತಿತ್ತು.

ಆ ವಾರವೇ ಓಣಿಯ ತುದಿಗೆ ಬಾಡಿಗೆ ಇದ್ದ ಬ್ಯಾಂಕಿನವರ ಹೆಂಡತಿ ಮನೆಗೆ ಬಂದಳು. ಮೈಸೂರು ಕಡೆಯ ಹುಡುಗಿ. ಸೊಸೆಯ ಬರಹ ಓದಿ ರೊಟ್ಟಿ ಮಾಡಿದ್ದಳಂತೆ. ತಟ್ಟೆಯಲ್ಲಿ ತಂದ ಚೂರುಗಳನ್ನು ನೋಡಿದರೆ ಗಣಿಯಿಂದ ಬಂದ ಶಹಾಬಾದ ಹಾಸುಗಲ್ಲನ್ನು ಲಾರಿಯಿಂದ ಒಗೆದ ಹಾಗಿತ್ತು. "ಅಜ್ಜಿ, ಎಲ್ಲ ಬರೆದ ಹಾಗೇ ಮಾಡಿದೆ. ಯಾಕೆ ಒಡೆಯುತ್ತೆ?" ಅಂದಳು.

ಕೂಡಿಸಿಕೊಂಡು ತೋರಿಸಿದೆ. ನಾನು ರೊಟ್ಟಿ ಕಲಿಸುವುದು ಬೈದೇ. ನನ್ನ ತವರು, ಇಲ್ಲೇ ಸೇಡಂ ತಾಲೂಕಿನ ಮುಧೋಳದಲ್ಲಿ ನನ್ನವ್ವ ನನಗೂ ಹಾಗೇ ಕಲಿಸಿದ್ದಳು. ನಮ್ಮ ಕಡೆ ಒಲೆಯ ಮುಂದೆ ಹೆಂಗಸರು ಕೂತರೆ ಕೈಯಷ್ಟೇ ಬಾಯಿಯೂ ಆಡುತ್ತದೆ. ಹಿಟ್ಟಿಗೆ, ಒಲೆಗೆ, ಮೂಲೆಯಲ್ಲಿರುವ ಬೆಕ್ಕಿಗೆ, ಊರಲ್ಲೇ ಇಲ್ಲದ ನಾದಿನಿಗೆ, ಎಲ್ಲರಿಗೂ ಒಂದೊಂದು ಮಾತು ಬೀಳುತ್ತದೆ.

"ಎಸರು ಅಂದ್ರ ಕುದಿಯೋ ನೀರು, ಅದು ಸಿಟ್ಟಿಗೆದ್ದ ಬೀಗತಿ ಇದ್ದಂಗ" ಅಂದೆ ಆ ಹುಡುಗಿಗೆ. "ಹಿಟ್ಟಿನ ನಡು ಕುಣಿ ಮಾಡು, ಅದರಾಗ ಕುಂದ್ರಿಸು, ಚಮಚದ ಹಿಡಿಕಿಲೆ ತಿರುವು, ಆಮ್ಯಾಲ ಮಾತಾಡಿಸಬ್ಯಾಡ. ತನ್ನ ಸಿಟ್ಟು ತಾನೇ ಇಳಸ್ಕೊಳ್ಳಲಿ. ಬೆರಳು ಇಟ್ರ ಬೈದು ಕಳಸ್ಲಾರ್ದಷ್ಟು ತಣ್ಣಗಾದಾಗ ನಾದು. ಮದ್ಲ ಹೋಗಿ ಕೈ ಹಾಕ್ದಿ, ಕೈಯೂ ಹೋತು, ರೊಟ್ಟಿನೂ ಹೋತು."

ಆಕೆ ನಗುತ್ತ ನಾದಿದಳು. ತಟ್ಟುವಾಗ ಮೆಲ್ಲಗೆ ತಟ್ಟತೊಡಗಿದಳು. ಅದೇನು ಕೂಸೇ ಮಲಗಿಸಲಿಕ್ಕೆ ಎಂದು ಗದರಿದೆ. ನಡು ಬಿಟ್ಟು ಅಂಚು ತಟ್ಟು, ನಡುವೆಯೇ ತಟ್ಟಿದರೆ ಹೊಟ್ಟೆ ತೆಳ್ಳಗಾಗಿ ಹರಿಯುತ್ತದೆ ಎಂದೆ. ರೊಟ್ಟಿ ಹಂಚಿಗೆ ಹೋಯಿತು, ಮೇಲೆ ಒದ್ದೆ ಅರಿವೆ ಸವರಿದಳು, ನೀರಾರಿದ ಮೇಲೆ ತಿರುವಿದಳು. ಉಬ್ಬಿತು. ಆ ಹುಡುಗಿ ಹಂಚಿನ ಮುಂದೆ ಕೂತು ಉಬ್ಬಿದ ರೊಟ್ಟಿಯನ್ನು ತನ್ನ ಮಗುವನ್ನು ನೋಡಿದ ಹಾಗೆ ನೋಡಿದಳು.

ಸೊಸೆ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದಳು. ಆಕೆ ಹೋದ ಮೇಲೆ ನನ್ನ ಹತ್ತಿರ ಕೂತಳು. "ಅತ್ತಿ, ನಾ ಬರ್ದಿದ್ದೂ ಇದೇ ಅದರಿ. ಕುದಿಯೋ ನೀರು ಹಾಕ್ರಿ, ಆರಿದ ಮ್ಯಾಲ ನಾದ್ರಿ ಅಂತ. ಅವರ ಕಣ್ಣು ಅದರ ಮ್ಯಾಲಿಂದ ಹಾರಿ ಹೋಗ್ಯಾದ. ನಿಮ್ಮ ಬೀಗತಿ ಮ್ಯಾಲಿಂದ ಹಾರ್ಲಿಕ್ಕಿ ಆಗಿಲ್ಲ."

ಅಂದಿನಿಂದ ಶುರುವಾಯಿತು ನಮ್ಮ ಕೆಲಸ. ಒಂದೇ ಏಟಿಗೆ ಸರಿಹೋಯಿತು ಎಂದು ಯಾರೂ ತಿಳಿಯಬಾರದು.

ಮೊದಲು ಅವಳು ಮಾಡಿದ್ದು ಹೀಗೆ. ಬರಹದ ತಲೆಯ ಮೇಲೆ ಮೂರು ನಾಲ್ಕು ನಗೆಮಾತು ಇಟ್ಟಳು, ಕೆಳಗೆ ಅದೇ ಪ್ರಕಟಣೆ. ಓದಿ ಹೇಳಿದಾಗ, ಒಣಗಿದ ಕಟ್ಟಿಗೆಗೆ ಹೂವಿನ ದಂಡೆ ಸುತ್ತಿದ್ದೀ ಎಂದೆ. ಕಲಬುರಗಿಯ ಬಾಯಿಯವರು ನನಗಿಂತ ಚೆನ್ನಾಗಿ ಹೇಳಿದರು. ಬಾಗಿಲಲ್ಲಿ ನಗಿಸಿ ಒಳಗೆ ಕರೆದು ಕತ್ತಲೆ ಕೋಣೆಯಲ್ಲಿ ಕೂಡಿಸಿದಂತಿದೆಯಂತೆ.

ಆಮೇಲೆ ನನ್ನ ಮಾತನ್ನೇ ಹಿಡಿದು ಬರೆಯುತ್ತೇನೆಂದು ಫೋನು ನನ್ನ ಮುಂದಿಟ್ಟು, ಪುಂಡಿಪಲ್ಯ ಮಾಡುವುದನ್ನು ಹೇಳಿರಿ ಎಂದಳು. ನಾನು ಆ ಕರಿ ಗಾಜಿನ ಮುಂದೆ ಸೆರಗು ಸರಿ ಮಾಡಿಕೊಂಡು ಕೂತು, ಮೊದಲಿಗೆ ಪುಂಡಿ ಸೊಪ್ಪನ್ನು ಸ್ವಚ್ಛಗೊಳಿಸಬೇಕು ಎಂದೆ. ಹುಟ್ಟಿದಾಗಿನಿಂದ ನಾನು ಸ್ವಚ್ಛಗೊಳಿಸು ಎಂಬ ಮಾತು ಆಡಿದವಳಲ್ಲ. ಮದುವೆಯಲ್ಲಿ ಮೈಕು ಕೊಟ್ಟರೆ ಮುದುಕರು ಹೇಗೆ ಮಂತ್ರಿಗಳಾಗುತ್ತಾರೋ ಹಾಗೆ ನಾನೂ ಆದೆ. ಮತ್ತೆ ಮತ್ತೆ ಮಾಡಿದರೂ ಅದೇ. ಸೊಸೆ ಫೋನು ಎತ್ತಿಕೊಂಡು ಹೋದಳು. ನನಗೆ ಅವಮಾನವಾಯಿತು. ಬಾಯಿಬಡಕಿ ಎಂದು ಓಣಿಯಲ್ಲಿ ಹೆಸರು ಪಡೆದವಳು ನಾನು.

ಚೇಷ್ಟೆಗೆ ಎದುರಿಗೊಬ್ಬರು ಬೇಕು. ಗಾಜಿನ ಸಂಗಡ ಏನು ಚೇಷ್ಟೆ ಮಾಡುವುದು? ಇದು ಹೊಳೆದ ಮೇಲೆ ಎದುರುಮನೆಯ ಬೀಯನ್ನು ಕರೆದೆ. ಮುಸಲ್ಮಾನರ ಮನೆಯ ಹೆಂಗಸು, ಓಣಿಗೆಲ್ಲ ಬೀ, ನನ್ನ ವಾರಿಗೆಯವಳು. ನಾವಿಬ್ಬರೂ ಈ ಓಣಿಗೆ ಸೊಸೆಯಾಗಿ ಬಂದಾಗಿನಿಂದ ಜಗಳಾಡುತ್ತಲೇ ಇದ್ದೇವೆ. ಆಕೆ ಪುಂಡಿಯನ್ನು ಮಾಂಸದೊಳಗೆ ಹಾಕುತ್ತಾಳೆ. ನಾನು ಬಸವಣ್ಣನವರನ್ನು ನಂಬಿದ ಮನೆಯವಳು, ತೊಗರಿಬೇಳೆ ಮತ್ತು ಜೋಳದ ನುಚ್ಚಿನೊಳಗೆ ಹಾಕುತ್ತೇನೆ. ಯಾರ ಪುಂಡಿ ಪುಂಡಿ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಸೊಸೆ ಇಬ್ಬರನ್ನೂ ಕೇಳಿಯೇ ಫೋನು ಚಾಲೂ ಮಾಡಿ ಮಸಾಲೆ ಡಬ್ಬಿಯ ಹಿಂದಿಟ್ಟಳು. ಐದು ಮಾತಾಡುವುದರೊಳಗೆ ನಾವು ಅದನ್ನು ಮರೆತೆವು.

ನಾನು ಸೊಪ್ಪು ಕುದಿಸಿ ಹುಳಿನೀರು ಬಸಿಯುತ್ತಿದ್ದೆ. "ಏ ಬುಡ್ಡಿ, ಅದರ ಜೀವಾ ಎಲ್ಲಾ ಚೆಲ್ಲಿದಿ" ಅಂದಳು ಬೀ. "ಈಗ ಮಯ್ಯತ್ತಿಗಿ, ಸತ್ತ ಹೆಣಕ್ಕ, ಒಗ್ಗರಣಿ ಹಾಕ್ತಿ ಏನ್?"

"ನೀ ಚೆಲ್ಲಂಗಿಲ್ಲ, ಅದಕ್ಕ ನಿಮ್ಮನಿ ಮಂದಿ ಉಂಡು ಹೊರಗ ಬಂದ್ರ ಒಂದ್ ಕಣ್ಣ ಮುಚ್ಕೊಂಡೇ ಬರ್ತಾರ" ಅಂದೆ.

ಹೀಗೇ ಪಲ್ಯ ಇಳಿಯುವ ತನಕ ನಡೆಯಿತು. ಸೊಸೆ ಅದನ್ನೆಲ್ಲ ಕೇಳಿ ಕೇಳಿ ಬರೆದಳು. ಕಡೆಗೆ ಗೆದ್ದವಳು ತಾನೇ ಎಂದು ಬರೆಯಬೇಕೆಂದು ಬೀ ಹಟ ಹಿಡಿದಳು. ಬರೆಯಲಿಲ್ಲ.

ಆ ಬರಹ ಹಾರಿತು. ಸೇಡಂನಿಂದ ಚಿತ್ತಾಪುರಕ್ಕೆ, ಅಲ್ಲಿಂದ ಶಹಾಬಾದಕ್ಕೆ, ಒಬ್ಬರಿಂದ ಒಬ್ಬರಿಗೆ ಕಳಿಸಿದರು. ನನ್ನ ಮಗ ವಾಡಿಗೆ ಕೆಲಸಕ್ಕೆ ಹೋಗುವ ರೈಲಿನಲ್ಲಿ ಯಾರೋ ಗಟ್ಟಿಯಾಗಿ ಓದಿ ನಗುತ್ತಿದ್ದರಂತೆ. ಇದು ನಮ್ಮವ್ವ ಎಂದು ಹೇಳಲೋ ಬೇಡವೋ ತಿಳಿಯದೆ ಕಿಟಕಿ ನೋಡುತ್ತ ಕೂತಿದ್ದನಂತೆ. ಸೊಸೆ ಆ ದಿನ ತಟ್ಟೆ ಖಾಲಿ ಮಾಡಿದಳು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ.

ಮರುದಿನದಿಂದ ಬೇರೆ ಬಗೆಯ ಅಭಿಪ್ರಾಯ ಬರತೊಡಗಿತು.

ನಮ್ಮ ತವರಿನಲ್ಲಿ ಅಡುಗೆಯ ಅಳತೆಗಳೆಲ್ಲ ಮನೆಯವರ ಮೇಲೆಯೇ ಇದ್ದವು. ಬೆಳ್ಳುಳ್ಳಿಯನ್ನು ಹೊರಗಿನ ಕಟ್ಟೆಯ ಮೇಲಿನ ಅಜ್ಜ ವಾಸನೆಗೆ ಎದ್ದು ಬರುವ ತನಕ ಹುರಿ ಅನ್ನುತ್ತಿದ್ದರು. ಖಾರ ಹಾಕುವಾಗ ಅತ್ತಿಗೆವ್ವನ ಮುನಿಸಿನಷ್ಟು ಹಾಕು ಅನ್ನುತ್ತಿದ್ದರು. ನಮ್ಮ ಅತ್ತಿಗೆ ಪಾಪದ ಹೆಂಗಸು, ಮುನಿಸಿಕೊಂಡು ಕೋಣೆಗೆ ಹೋದರೆ ಚಾ ಆರುವುದರೊಳಗೆ ನಗುತ್ತ ಹೊರಗೆ ಬರುವಳು. ಅವಳ ಮುನಿಸಿನಷ್ಟು ಎಂದರೆ ಚಿಟಿಕೆ. ಬೀಯ ಸಂಗಡ ಪಲ್ಯ ಮಾಡುವಾಗಲೂ ನಾನು ಬಾಯಿಗೆ ಬಂದ ಇದೇ ಅಳತೆಗಳನ್ನು ಅಂದಿದ್ದೆ, ಸೊಸೆ ಚಂದವಾಗಿದೆಯೆಂದು ಹಾಗೇ ಬರೆದಿದ್ದಳು. ಓದಿದವರಿಗೆ ನಮ್ಮ ಅತ್ತಿಗೆ ಎಲ್ಲಿ ಗೊತ್ತು? ಎಲ್ಲರೂ ತಂತಮ್ಮ ಅತ್ತಿಗೆಯನ್ನು ನೆನೆಸಿಕೊಂಡು ಖಾರ ಹಾಕಿದ್ದಾರೆ. ಚಿಂಚೋಳಿಯ ಒಬ್ಬ ಟೀಚರ್ ಬಾಯಿ ಬರೆದಿದ್ದರು: ನಮ್ಮ ಅತ್ತಿಗೆಯ ಮುನಿಸು ದೀಪಾವಳಿಗೆ ಬಂದರೆ ಯುಗಾದಿಗೆ ಇಳಿಯುತ್ತದೆ, ಅದರಂತೆ ಹಾಕಿದೆ, ಮನೆಮಂದಿಯೆಲ್ಲ ಮಜ್ಜಿಗೆ ಕುಡಿಯುತ್ತ ಅಂಗಳದಲ್ಲಿ ಕೂತಿದ್ದೇವೆ. ಇನ್ನೊಬ್ಬರ ಮನೆಯಲ್ಲಿ ಅಜ್ಜನೇ ಇರಲಿಲ್ಲ, ಬೆಳ್ಳುಳ್ಳಿ ಹೊತ್ತಿ ಕರಿದಾಗಿತ್ತು.

ನಾನು ಮೊದಲು ನಕ್ಕೆ. ಸೊಸೆ ನಗಲಿಲ್ಲ. ಕಲಬುರಗಿಯ ಬಾಯಿಯವರು ಫೋನಿನಲ್ಲಿ ನಿಧಾನವಾಗಿ ಮಾತಾಡಿದರಂತೆ. ನಕ್ಕವರು ಬಹಳ, ಉಂಡವರು ಇಲ್ಲ, ಅಡುಗೆ ಪುಟ ಓದಿ ಅಡುಗೆ ಕೆಟ್ಟರೆ ಅವರು ಮತ್ತೆ ಬರುವುದಿಲ್ಲ. ಎಳ್ಳಮಾಸಿಗೆ ಭಜ್ಜಿಯ ಬರಹ ಕೊಡಿ, ಅದು ಕಡೆಯದು, ಅದನ್ನು ನೋಡಿ ತೀರ್ಮಾನ ಮಾಡುತ್ತೇವೆ.

ಆ ಸಂಜೆ ಮನೆಯಲ್ಲಿ ಎರಡು ಪಕ್ಷವಾಯಿತು. ಸೊಸೆ ಹಳೆಯ ದಾರಿಗೇ ಹೋಗುತ್ತೇನೆ, ಚಮಚ ಬಟ್ಟಲುಗಳ ಲೆಕ್ಕ ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂದಳು. ಓದುವವರು ಬರದಿದ್ದರೂ ಯಾರ ಮನೆಯ ಪಲ್ಯವೂ ಕೆಡುವುದಿಲ್ಲ ಎಂದಳು. ನಾನು ಚೇಷ್ಟೆ ಬಿಡಬೇಡ ಎಂದೆ. ಬೀ ತನ್ನ ಪಾಲಿನ ಜಗಳಕ್ಕೆಂದು ಬಂದವಳು ಇಬ್ಬರ ಮುಖ ನೋಡಿ ತನ್ನ ಮನೆಗೆ ತಿರುಗಿ ಹೋದಳು.

ಬೆಳಿಗ್ಗೆ ಎದ್ದು ನೋಡಿದರೆ ಸೊಸೆ ರೊಟ್ಟಿಗೆ ನಾನು ಅಂದ ಮಾತನ್ನೂ ಪುಂಡಿಯ ಬರಹವನ್ನೂ ಪಕ್ಕಪಕ್ಕ ಬರೆದಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕರೆದು ಹೇಳಿದಳು: "ಅತ್ತಿ, ಸಿಟ್ಟಿಗೆದ್ದ ಬೀಗತಿ ನಗಸ್ತಾಳ, ಕೈ ಯಾವಾಗ ಹಾಕ್ಬೇಕು ಅಂತನೂ ಹೇಳ್ತಾಳ. ಅತ್ತಿಗೆವ್ವನ ಮುನಿಸು ಬರೇ ನಗಸ್ತದ. ಇನ್ಮ್ಯಾಲ ಕೈಗಿ ತಿಳಿಯೋ ಮಾತು ಅಷ್ಟೇ ಇಡೋದು. ಎಷ್ಟ್ ಚಂದ ಇದ್ರೂ ಉಳಕಿದ್ದು ತೆಗಿಯೋದು."

ಈ ತೀರ್ಮಾನ ಅವಳದು. ನನ್ನದಲ್ಲ. ನನಗೆ ಹೊಳೆದಿರಲೂ ಇಲ್ಲ.

ಹೇಳುವುದು ಸುಲಭ, ತೆಗೆಯುವುದು ಕಷ್ಟ. ಭಜ್ಜಿಗೆ ನಾನು ಒಂದು ಮಾತು ಕಟ್ಟಿದ್ದೆ: ಬದನೆಕಾಯಿ ಎಂದರೆ ಕಿರೀಟ ಇಟ್ಟುಕೊಂಡು ಹುಟ್ಟಿ, ಆಳಲು ಊರು ಸಿಗದೆ ಎಲ್ಲರ ಮನೆಯ ಎಣ್ಣೆ ಕುಡಿಯುವ ದೊರೆ. ಬೀ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಸೊಸೆ ಕೇಳಿದಳು, ಇದನ್ನು ಓದಿ ಕೈ ಏನು ಮಾಡಬೇಕು? ಹೆಚ್ಚಬೇಕೋ, ಹುರಿಯಬೇಕೋ? ಏನೂ ಇಲ್ಲ, ಸುಮ್ಮನೆ ನಗಬೇಕು ಎಂದೆ. ತೆಗೆದಳು. ನಾನು ಮಧ್ಯಾಹ್ನದ ತನಕ ಅವಳ ಸಂಗಡ ಮಾತಾಡಲಿಲ್ಲ. ಮಾತು ಬಿಟ್ಟು ನನಗೆ ಇರಲಾಗುವುದಿಲ್ಲ ಎಂದು ಗೊತ್ತಿದ್ದ ಕಾರಣ ಅವಳೂ ಕರೆಯಲಿಲ್ಲ.

ಎಳ್ಳಮಾಸಿ ಎಂದರೆ ನಮ್ಮ ಕಡೆ ಊರೇ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದಕ್ಕೆ ಭಜ್ಜಿ. ಈ ಭಜ್ಜಿ ಎಣ್ಣೆಯಲ್ಲಿ ಕರಿಯುವುದಲ್ಲ. ಆ ಕಾಲದಲ್ಲಿ ಹೊಲ ಕೊಡುವ ಹಸಿ ಕಾಳು, ಕಾಯಿ, ಸೊಪ್ಪು ಎಲ್ಲ ಒಂದೇ ಗಡಿಗೆಯಲ್ಲಿ ಬೇಯುತ್ತದೆ. ಕೆಡುವುದೂ ಅಲ್ಲಿಯೇ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದವರು ಎಲ್ಲ ಒಟ್ಟಿಗೆ ಸುರಿದು, ಕಾಳು ಕಲ್ಲು, ಸೊಪ್ಪು ಕೆಸರು ಮಾಡಿಕೊಳ್ಳುತ್ತಾರೆ.

ಆ ಸಾಲನ್ನು ನೆನಪಿನಲ್ಲಿ ಇರಿಸುವುದು ಹೇಗೆ ಎಂದು ಮೂವರೂ ಕೂತು ತಲೆ ಕೆರೆದುಕೊಂಡೆವು. ನಾನು ಮದುವೆ ಎಂದೆ. ಬೀ ತಕ್ಷಣ ಹಿಡಿದುಕೊಂಡಳು. ಸೊಸೆ ಬರೆದಳು. ತೊಗರಿ, ಕಡಲೆ, ಶೇಂಗಾದ ಹಸಿ ಕಾಳು ಸೋದರಮಾವಂದಿರು, ಇವರು ಹಿಂದಿನ ದಿನವೇ ಬಂದು ದುಡಿಯಬೇಕು, ಮೊದಲು ಇವರನ್ನೇ ನೀರಿಗೆ ಇಳಿಸಿರಿ, ಅರ್ಧ ಮೆತ್ತಗಾಗುವ ತನಕ ಬೇರೆ ಯಾರನ್ನೂ ಒಳಗೆ ಬಿಡಬೇಡಿರಿ. ಗಜ್ಜರಿ, ಬದನೆಕಾಯಿ, ಅವರೆಕಾಯಿ ಬೀಗರು, ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಬರುತ್ತಾರೆ, ಬಂದ ಮೇಲೆ ಇವರನ್ನು ಬಹಳ ಕಲಕಬಾರದು, ಮನಸ್ಸು ಮುರಿದುಕೊಳ್ಳುತ್ತಾರೆ. ಮೆಂತ್ಯ, ಪಾಲಕ ಓಣಿಯ ಮಂದಿ, ಊಟಕ್ಕೆ ಕರೆದಾಗ ಬಂದರೆ ಸಾಕು, ಬೇಗ ಬಂದರೆ ಕೂತು ಕೂತು ಬಾಡುತ್ತಾರೆ. ಹುಣಸೆ ರಸ ಸೋದರತ್ತೆ, ಕಾಳು ಬೇಯುವ ಮೊದಲೇ ಬಂದು ಮುಖ ಹುಳಿ ಮಾಡಿದರೆ ಮಾವಂದಿರು ಗಟ್ಟಿಯಾಗಿ ಕೂತುಬಿಡುತ್ತಾರೆ, ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಕಡೆಗೆ ನೀರಲ್ಲಿ ಕದಡಿದ ಕಡಲೆಹಿಟ್ಟು ಫೋಟೊದವನು, ಎಲ್ಲರನ್ನೂ ಒತ್ತಿ ಒತ್ತಿ ಒಂದೇ ಚೌಕಟ್ಟಿಗೆ ತರುವವನು ಅವನೇ, ಆದರೆ ಅವನನ್ನು ಒಮ್ಮೆಲೇ ಬಿಟ್ಟರೆ ಗಂಟು ಕಟ್ಟಿಕೊಂಡು ನಿಲ್ಲುತ್ತಾನೆ, ಒಂದು ಕೈ ಸುರಿಯುತ್ತಿರಲಿ, ಇನ್ನೊಂದು ಕೈ ತಿರುವುತ್ತಿರಲಿ.

ಖಾರ ಉಪ್ಪಿಗೆ ಮಾತ್ರ ಚಮಚವೇ ಇರಲಿ, ಅಲ್ಲಿ ಚೇಷ್ಟೆ ಬೇಡ ಎಂದಳು ಸೊಸೆ. ಒಪ್ಪಿದೆ. ಚಿಂಚೋಳಿಯ ಬಾಯಿಯವರ ಮಜ್ಜಿಗೆ ನೆನಪಿತ್ತು.

ಇನ್ನು ಪರೀಕ್ಷೆ. ಬ್ಯಾಂಕಿನವರ ಹೆಂಡತಿಯನ್ನು ಕರೆದೆವು. ಆಕೆ ಭಜ್ಜಿಯ ಹೆಸರನ್ನೇ ಕೇಳಿರಲಿಲ್ಲ. ನಮ್ಮ ಅಡುಗೆಮನೆ, ನಮ್ಮ ಗಡಿಗೆ, ಕೈಯಲ್ಲಿ ಸೊಸೆಯ ಬರಹ. ಸೊಸೆಯ ಕಟ್ಟಪ್ಪಣೆ ಏನೆಂದರೆ ನಾನೂ ಬೀಯೂ ಬಾಯಿ ಬಿಡಕೂಡದು. ಆಕೆ ಎಲ್ಲಿ ನಿಂತು ತಲೆ ಎತ್ತಿ ನೋಡುತ್ತಾಳೋ ಅಲ್ಲಿ ಬರಹ ಸೋತಿದೆ ಎಂದು ಅರ್ಥ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಆಕೆ ಬದನೆಕಾಯಿ ಹೆಚ್ಚುವ ರೀತಿ ನೋಡಿ ಬೀ ಗೋಡೆಯ ಕಡೆ ಮುಖ ತಿರುವಿದಳು.

ಮಾವಂದಿರು ಹೋದರು. ಬೀಗರು ಹೋದರು. ಆಕೆ ತನ್ನಷ್ಟಕ್ಕೇ ನಗುತ್ತ, ಸೋದರತ್ತೆ ಆಮೇಲೆ, ಸೋದರತ್ತೆ ಆಮೇಲೆ ಎಂದು ಗೊಣಗುತ್ತ ಬರಹದ ಕಡೆ ನೋಡದೆಯೇ ಸೊಪ್ಪು ತೊಳೆದಳು. ಆಗ ಸೊಸೆ ನನ್ನ ಕಡೆ ನೋಡಿದಳು. ಓದಿದ್ದು ಆಕೆಯ ಬಾಯಿಗೆ ಬಂದಿತ್ತು, ಇನ್ನು ಕಾಗದ ಬೇಕಾಗಿರಲಿಲ್ಲ.

ಕಡಲೆಹಿಟ್ಟು ಹಾಕಿದ ಮೇಲೆ ಆಕೆ ನಿಂತಳು. ತಲೆ ಎತ್ತಿದಳು. ಗಟ್ಟಿಯಾಗುವ ತನಕ ಅಂತ ಇದೆ, ಎಷ್ಟು ಗಟ್ಟಿ ಎಂದು ಕೇಳಿದಳು. ಸೊಸೆ ನಮ್ಮಿಬ್ಬರ ಬಾಯಿ ಬಿಡಿಸಿದಳು. ನಾನು ಹೇಳಿದ್ದು ಒಂದೂ ಸರಿಹೋಗಲಿಲ್ಲ. ಬೀ ಹೇಳಿದ್ದು ನಿಂತಿತು. "ಸಜ್ಜಿ ರೊಟ್ಟಿ ಮುರುದು ಎತ್ತಿದ್ರ ಭಜ್ಜಿ ಅದರ ಮ್ಯಾಲ ಸವಾರಿ ಕುಂದ್ರಬೇಕು. ಕಿರಿಬೆಳ್ಳಿನ ಸಂದ್ಯಾಗಿಂದ ಇಳದು ಮೊಣಕೈಗಿ ಓಡಿತೋ, ಇನ್ನಾ ಜರಾ ಕುದಿಸು."

ಬರೆದೆವು. ಆ ದಿನ ನಾವು ನಾಲ್ವರೂ ಆ ಗಡಿಗೆಯನ್ನು ಬಳಿದು ಉಂಡೆವು. ಬೀ ಮೊದಲ ಸಲ ನನ್ನ ಮನೆಯ ಅಡುಗೆಗೆ ಕೊಂಕು ತೆಗೆಯಲಿಲ್ಲ. ಇದು ಆ ಹುಡುಗಿಯ ಕೈಯ ಅಡುಗೆ, ನಿನ್ನದಲ್ಲ ಎಂದು ಕಾರಣ ಕೊಟ್ಟಳು.

ಬರಹ ಹಬ್ಬಕ್ಕೆ ಮೊದಲೇ ಹೋಯಿತು. ಹಬ್ಬದ ದಿನ ಸೊಸೆ ಹೊಲದಲ್ಲಿ ಉಣ್ಣುತ್ತ ಕೂತಿದ್ದರೂ ಕಣ್ಣು ಫೋನಿನ ಮೇಲಿತ್ತು. ಅಲ್ಲಿ ಸಿಗ್ನಲ್ ಇರಲಿಲ್ಲ. ಬದುವಿನ ಮೇಲೆ ನಿಂತು ಕೈ ಎತ್ತಿ ಹಿಡಿದಳು. ಮೆಲ್ಲಗೆ ಒಂದೊಂದಾಗಿ ಬರತೊಡಗಿದವು, ಆಮೇಲೆ ಸಾಲಾಗಿ. ನಿಂತಲ್ಲೇ ಓದಿ ಹೇಳಿದಳು. ಪುಣೆಯಲ್ಲಿರುವ ಯಾರೋ ನಾಲ್ಕನೇ ಮಹಡಿಯ ಗ್ಯಾಲರಿಯಲ್ಲಿ ಚಾಪೆ ಹಾಸಿ ಭಜ್ಜಿ ಉಂಡಿದ್ದರು. ಶಹಾಬಾದದವರೊಬ್ಬರು, ನಮ್ಮ ಮನೆಗೆ ಫೋಟೊದವನು ಬೇಗ ಬಂದುಬಿಟ್ಟ, ಗಂಟು ಬಿಡಿಸಲು ಸಾಕಾಯಿತು ಎಂದು ಬರೆದರೆ, ಅದರ ಕೆಳಗೆ ಗುರುತಿಲ್ಲದ ಇನ್ನೊಬ್ಬರು, ಅವನಿಗೆ ಮೊದಲು ನೀರು ಕುಡಿಸಿ ಕಳಿಸಬೇಕ್ರೀ ಎಂದು ಉತ್ತರ ಕೊಟ್ಟಿದ್ದರು. ಚಿಂಚೋಳಿಯ ಟೀಚರ್ ಬಾಯಿ ಖಾಲಿ ಗಡಿಗೆಯ ಫೋಟೊ ಕಳಿಸಿದ್ದರು.

ನನಗೆ ಅಲ್ಲಿಯೇ ಗೊತ್ತಾಯಿತು ಇದು ಗೆದ್ದಿತೆಂದು. ನಮ್ಮ ಚೇಷ್ಟೆಗೆ ಅವರು ನಗುವುದಷ್ಟೇ ಅಲ್ಲ, ಅದನ್ನೇ ಎತ್ತಿಕೊಂಡು ತಮ್ಮ ತಮ್ಮೊಳಗೆ ಆಡತೊಡಗಿದ್ದರು. ಒಲೆಯ ಮುಂದಿನ ಮಾತು ಹೀಗೆಯೇ ಅಲ್ಲವೇ ಮನೆಯಿಂದ ಮನೆಗೆ ಹೋಗುವುದು?

ಕಲಬುರಗಿಯ ಬಾಯಿಯವರ ಫೋನು ಬಂದದ್ದು ಹಬ್ಬ ಮುಗಿದ ಮೇಲೆ, ಮುಂಜಾನೆ. ಸೊಸೆ ಹೂಂ ರೀ, ಹೂಂ ರೀ ಎನ್ನುತ್ತ ಅಂಗಳದಲ್ಲೇ ಸುತ್ತಿದಳು. ಫೋನಿಟ್ಟು ನನ್ನ ಮುಂದೆ ಬಂದು ನಿಂತಳು. "ಅತ್ತಿ, ಪುಟ ನಂದಾತ್ರಿ" ಅಂದಳು. ಪ್ರತಿ ವಾರ ಬರೆಯಬೇಕು, ಹೆಸರು ಅವಳದೇ ಇರುತ್ತದೆ, ಮುಂದಿನ ಬರಹ ಇವತ್ತೇ ಕಳಿಸಬೇಕಂತೆ. ತೆಂಗಳಿಗೆ ಫೋನ್ ಮಾಡಿ ಹೇಳು, ನಿಮ್ಮಪ್ಪ ಬಸ್‌ಸ್ಟ್ಯಾಂಡಿಗೆ ಹೊರಡುವುದರೊಳಗೆ ಹೇಳು ಎಂದೆ. ಹೇಳಿದಳು. ಆ ಕಡೆಯಿಂದ ಅವರಪ್ಪನ ದನಿ ಅಡುಗೆಮನೆಯ ತನಕ ಕೇಳಿಸಿತು. ಆಮೇಲೆ ಒಳಕೋಣೆಗೆ ಹೋಗಿ ಕೂತು ಬರೆಯತೊಡಗಿದಳು.

ಹೊತ್ತೇರಿದ ಮೇಲೆ ಚಿತ್ತಾಪುರದಿಂದ ನಮ್ಮ ನಾದಿನಿ ಬಂದರು. ಕೋರ್ಟಿನ ಕೆಲಸಕ್ಕೆಂದು ಗಂಡ ಹೊರಗೆ ಹೋಗಿದ್ದಾರೆ, ತಾನು ಇಲ್ಲಿ ಕೂತಿರುತ್ತೇನೆ ಎಂದು ಕಾಲು ಚಾಚಿದರು. ಸುತ್ತ ನೋಡಿ, "ಎಲ್ಲಿ ನಿನ್ನ ಸೊಸಿ? ಹೊರಗ ಬಾ ಅನ್ನು, ಒಂದ್ ಕಪ್ ಚಾ ಇಡ್ಲಿ" ಅಂದರು.

"ಆಕಿ ಕೆಲಸದಾಗ ಅದಾಳ" ಅಂದೆ. "ಕುಂದ್ರಿ, ಚಾ ನಾ ಇಡ್ತೀನಿ."

ಮೊಣಕಾಲು ಹಿಡಿದುಕೊಂಡು ಎದ್ದೆ. ಒಳಗೆ ಹೋಗುವಾಗ ಅವಳ ಕೋಣೆಯ ಬಾಗಿಲನ್ನು ಸಪ್ಪಳಾಗದ ಹಾಗೆ ಎಳೆದು ಮುಚ್ಚಿದೆ.